ಕರಡು

ಮಾನ್ಯ ವೀಸಾ ಅಧಿಕಾರಿಗಳಿಗೆ,
ಅಂತ ಬರದು ನಿಂತೀನ್ರಿ.
ಕಾಗದ ನಮ್ಮ ಪ್ರೆಸ್ಸಿಂದು. ಒಂದು ಮಗ್ಗಲ ಖಾಲಿ,
ಇನ್ನೊಂದು ಮಗ್ಗಲ ಯಾರದೋ ಲಗ್ನ.
ವಧುವಿನ ಹೆಸರಿನಾಗ ಒಂದು ಒತ್ತು ಬಿಟ್ಟಿದ್ದಕ್ಕ
ನೂರೈವತ್ತು ಕಾರ್ಡು ರದ್ದಾಗಿದ್ವು.

ಅರ್ಜಿ ಸಂಖ್ಯೆ ಬಾಯಿಪಾಠ ಐತ್ರಿ.
ನನ್ನ ಆಧಾರ್ ನಂಬರ್ ಕೇಳಿದ್ರ ತಡವರಿಸ್ತೀನಿ.

ನಾನು ಇಮ್ಮಾನುವೇಲ ದೊಡ್ಡಮನಿ, ಬೆಟಗೇರಿ,
ಬೈಂಡರ್, ಹತ್ತೊಂಬತ್ತು ವರ್ಷದ ಕಸಬು.
ನನ್ನ ಹೇಣ್ತಿ ಕರುಣಾ ನಿಮ್ಮ ಐರ್ಲಂಡಿನಾಗ
ಮುದುಕರ ಮೈ ತೊಳಿತಾಳ, ಗುಳಗಿ ಕೊಡ್ತಾಳ, ರಾತ್ರಿ ಪಾಳಿ.
ಅಲ್ಲೊಬ್ಬ ಅಜ್ಜ ದಿನಾ ಬ್ಯಾರೆ ಹೆಸರು ಹಿಡದು ಕರೀತಾನಂತ,
ಅಕಿ ಎಲ್ಲಾ ಹೆಸರಿಗೂ ಓ ಅಂತಾಳಂತ.

ಇಷ್ಟಕ್ಕ ಬಸ್ತಿ ಮಾಸ್ತರು ಕೆಂಪು ಪೆನ್ನು ತಗದ್ರು.
‘ಅಜ್ಜ ಬ್ಯಾಡ. ಪಾಳಿ ಬ್ಯಾಡ.
ಇದನ್ನ ಇಂಗ್ಲಿಷಿಗೆ ಹಾಕಾಂವ ನಾನು. ಕಾರಣ ಬರಿ, ಕಾರಣ.’

ಕಾರಣ:
ಇನ್ನೂ ಹದಿನಾರು ವಾರ ಹಿಡಿತೈತಿ ಅಂದೀರಿ.
ಅಕೀಗೆ ಉಳದದ್ದು ಒಂಬತ್ತು.
ಎರಡೂ ಎಣಿಕಿ ವಾರದ ಮ್ಯಾಲೇ ನಡಿತಾವ್ರಿ ಸಾಹೇಬ್ರ,
ಒಂದಕ್ಕ ಮಾತ್ರ ಸೂಟಿ ಇಲ್ಲ,
ಸಿಬ್ಬಂದಿ ಕೊರತಿ ಇಲ್ಲ.
ಕೂಸು ಪಾಳೇಕ ನಿಂದ್ರಂಗಿಲ್ಲ.

ಮಾಸ್ತರು ನಕ್ಕು, ಅದನ್ನೂ ಹೊಡದು,
‘ವೈದ್ಯರ ಪತ್ರ ಲಗತ್ತಿಸಿದೆ’ ಅಂತ ಬರದ್ರು.

ಲಗ್ನ ಖರೇ ಅನ್ನೂದಕ್ಕ ಪುರಾವೆ ಕೇಳಿದ್ರಿ.
ಫೋಟೋ ಕೊಟ್ಟೆ, ಚರ್ಚಿನ ರಜಿಸ್ಟರ್ ನಕಲು ಕೊಟ್ಟೆ.
ಸಾಲಂಗಿಲ್ಲ ಅಂದಾಗ ಫೋನಿನ್ಯಾಗಿನ ಮಾತೆಲ್ಲಾ
ಪ್ರಿಂಟ್ ತಗದೆ. ನಾನೂರಾ ಹನ್ನೆರಡು ಪುಟ.
ಬಿಡಿ ಹಾಳಿ ಕಳಸೂದು ನನ್ನ ಕೈಗೆ ಒಗ್ಗಲಿಲ್ಲ.
ಮೈದಾ ಅಂಟು ಕುದಿಸಿ, ಮಗ್ಗಲ ಹೊಲಿಗಿ ಹಾಕಿ,
ರಟ್ಟಿನ ಮ್ಯಾಲ ಅಕಿ ಬಿಟ್ಟುಹೋದ ಖಣದ ತುಂಡು ಮೆತ್ತಿದೆ.

ಯಾವ ಪುಟ ಬೇಕಾದ್ರೂ ತಗದು ನೋಡ್ರಿ:
ಊಟ ಆತೇನು? ಹೂಂ.
ಏನು? ರೊಟ್ಟಿ.
ಸುಳ್ಳು.
ಮರುದಿನ ಮತ್ತ, ಊಟ ಆತೇನು?
ನಿಮಗ ಗುರ್ತು ಹಾಕಿ ಕೊಡಬೇಕಂತ
ಪ್ರೇಮ ಅನ್ನೂ ಶಬ್ದ ರಾತ್ರಿಯೆಲ್ಲಾ ಹುಡಿಕಿದೆ.
ಎರಡು ಕಡೆ ಸಿಕ್ಕಿತು.
ಎರಡೂ ಅಕಿ ತಮ್ಮ ಪ್ರೇಮರಾಜ,
ಮೋಟಾರ್ ಸೈಕಲ್ಲಿನ ಕಂತಿಗೆ ರೊಕ್ಕ ಕೇಳಿದ್ದು.

ಮಾಸ್ತರು ಪುಸ್ತಕ ಹಿಡದು ತಿರುಗಿಸಿ ನೋಡಿದ್ರು.
ಅದರ ಬೆನ್ನು ಸವರಿದ್ರು.
‘ಇದು ಹಿಂಗ ಹೋಗಂಗಿಲ್ಲೋ ತಮ್ಮಾ.
ಸ್ಕ್ಯಾನ್ ಮಾಡಿ ಹತ್ತು ಪುಟ ಅಷ್ಟ ಹಾಕಬೇಕು.’
ಯಾವ ಹತ್ತು ಸರ್?
ಅವರಿಗೂ ಹೊಳೀಲಿಲ್ಲ. ಅಷ್ಟರಾಗ ಚಹಾ ಬಂತು.

ಇಂಗ್ಲಿಷಿನಾಗ ನಾನು ನಾಕು ಸಾಲಾದೆ.
ಕೆಳಗ ‘ತಮ್ಮ ವಿಶ್ವಾಸಿ’, ಅದರ ಕೆಳಗ ನನ್ನ ಸಹಿ,
ಪಾಸ್‌ಪೋರ್ಟಿನಾಗ ಇದ್ದಂಗ ಬರಲಿ ಅಂತ ಮೂರು ಸಲ ಮಾಡಿದ್ದು.
ಮುಳಗುಂದ ನಾಕಾದ ಸೈಬರ್ ಅಂಗಡಿ ಹುಡಿಗಿ
ಇಲಿ ಒತ್ತಿ, ‘ಹೋತ್ರಿ ಅಂಕಲ್’ ಅಂದ್ಲು.
ಮೂವತ್ತು ರೂಪಾಯಿ.

ಊರ ಹೊರಗ ಗುಡ್ಡದ ಮ್ಯಾಲ
ಗಾಳಿ ಫ್ಯಾನು ಒಂದು ತಿರಗತಿತ್ತು,
ಬಾಜೂಕಿಂದು ನಿಂತಿತ್ತು.
ಗಾಳಿ ಎರಡಕ್ಕೂ ಒಂದ.

ರಾತ್ರಿ ಹತ್ತೂವರಿ. ಅಲ್ಲಿ ಸಂಜಿ ಆರು,
ಅಕಿ ಪಾಳೇಕ ಹೊಂಟಿದ್ಲು.
ಕಳಸಿದೇನು?
ಕಳಸಿದೆ.
ಏನಂತ ಬರದಿ?
ಜಲ್ದಿ ಮಾಡ್ರಿ ಅಂತ.
ಅಷ್ಟನಾ?
ಅಷ್ಟ.

ಆಮ್ಯಾಲೆ ಏನೂ ಬರಲಿಲ್ಲ. ಅಕಿ ಬರೀಲಿಕ್ಕತ್ತಾಳ ಅನ್ನೂ
ಮೂರು ಚುಕ್ಕಿ ಬಂದು, ಹೋಗಿ, ಮತ್ತ ಬಂದು,

ಊಟ ಆತೇನು?